ಜೇನುಪೆಟ್ಟಿಗೆಯ ತಪಾಸಣೆ

ತಪಾಸಣೆ ಎಂಬ ಮಾತು ಕಿವಿಗೆ ಬಿದ್ದರೆ ಸರಕಾರಿ ಕಛೇರಿಯ ಅನ್ನ ತಿನ್ನುವ ನಮ್ಮಂಥವರಿಗೆ ಕೂಡಲೇ ನೆನಪಾಗುವುದು ಧೂಳು. ಮೇಲಿನವರು ಇಂಥ ದಿನ ಬರುತ್ತಾರೆಂದು ಹದಿನೈದು ದಿನ ಮೊದಲೇ ಪತ್ರ ಬರುತ್ತದೆ. ಆ ಹದಿನೈದು ದಿನವೂ ಕಪಾಟುಗಳ ಮೇಲಿದ್ದ ಧೂಳು ನಮ್ಮ ಮೂಗಿಗೆ ಬರುತ್ತದೆ. ಬಾಕಿ ಕಡತಗಳು ಬಾಕಿಯೇ ಇಲ್ಲದಂತೆ ಕಾಣತೊಡಗುತ್ತವೆ. ಬಂದವರು ರಿಜಿಸ್ಟರಿನಲ್ಲಿ ಎರಡು ಷರಾ ಬರೆದು, ಚಹಾ ಕುಡಿದು, ಕಾರು ಹತ್ತುತ್ತಾರೆ. ಇದರಿಂದ ಕಛೇರಿಯ ನಿಜವಾದ ಸ್ಥಿತಿ ಯಾರಿಗೆ ಎಷ್ಟು ತಿಳಿಯಿತೆಂಬುದನ್ನು ನಾವು ಇಲ್ಲಿ ಚರ್ಚಿಸುವುದು ವಿಹಿತವಲ್ಲ; ಹೊಟ್ಟೆಪಾಡಿನ ಪ್ರಶ್ನೆ.

ಈ ಸಲ ವಾಚಕರಿಗೆ ಹೇಳಹೊರಟಿರುವುದು ಬೇರೊಂದು ಬಗೆಯ ತಪಾಸಣೆಯ ಸಂಗತಿ. ಇಲ್ಲಿ ಮುಂಚಿತವಾಗಿ ಪತ್ರ ಹೋಗುವುದಿಲ್ಲ. ತಪಾಸಣೆಗೆ ಒಳಗಾಗುವವರು ಏನನ್ನೂ ಮುಚ್ಚಿಡುವುದಿಲ್ಲ. ಬಾಯಿಬಿಟ್ಟು ಹೇಳುವುದೂ ಇಲ್ಲ. ಕಂಡದ್ದನ್ನು ಹತ್ತು ನಿಮಿಷದೊಳಗೆ ನಾವೇ ಓದಿಕೊಳ್ಳಬೇಕು. ಹೆಚ್ಚು ಹೊತ್ತು ಕುಳಿತ ಅಧಿಕಾರಿಗೆ ಅಲ್ಲಿಯೇ ಮೂಗಿನ ತುದಿಯ ಮೇಲೆ ಷರಾ ಬೀಳುತ್ತದೆ.

ಕಳೆದ ದೀಪಾವಳಿಗೆ ಇದ್ದಬದ್ದ ರಜೆಯನ್ನೆಲ್ಲ ಕೂಡಿಸಿಕೊಂಡು ನಾವು ಸಂಸಾರ ಸಮೇತ ಊರಿಗೆ ಹೋಗಿದ್ದೆವು. ಊರೆಂದರೆ ಈಗ ನಮಗೆ ಅಕ್ಕನ ಮನೆಯೇ. ಸಿದ್ದಾಪುರ ತಾಲೂಕಿನಲ್ಲಿ ಅಕ್ಕ-ಭಾವನವರದು ಎರಡು ಎಕರೆಗೆ ಚೂರು ಕಡಿಮೆ ಅಡಿಕೆ ತೋಟ. ಅದರೊಳಗೇ ಬಾಳೆ, ಏಲಕ್ಕಿ, ಕಾಳುಮೆಣಸಿನ ಬಳ್ಳಿ. ಮನೆಯ ಹಿಂದೆ ಹಿತ್ತಲು. ಹಿತ್ತಲಿನ ದಾಸವಾಳದ ಬೇಲಿಯ ಬದಿಗೆ ಎರಡು ಜೇನುಪೆಟ್ಟಿಗೆ. ಮೂರು ವರ್ಷಗಳ ಹಿಂದೆ ಐದಿದ್ದವು. ಒಂದು ಮಳೆಗಾಲದಲ್ಲಿ ಎರಡು ಬರಿದಾದವು, ಮುಂದಿನ ಮಳೆಗಾಲದಲ್ಲಿ ಇನ್ನೊಂದು. ಉಳಿದ ಎರಡರಲ್ಲಿಯೂ ಒಂದರ ಸದ್ದು ಇಳಿದಿದೆಯೆಂದು ಅಕ್ಕ ಫೋನಿನಲ್ಲಿ ಎರಡು ಸಲ ಹೇಳಿದ್ದಳು. ಜೇನುತುಪ್ಪ ಮಾರಿ ಮನೆ ನಡೆಸುವವಳಲ್ಲ ಅವಳು. ಅವಳ ಚಿಂತೆ ಏಲಕ್ಕಿಯದು. ಅಡಿಕೆಯ ಹೂವಿಗೆ ಗಾಳಿಯಿದ್ದರೂ ಕೆಲಸ ನಡೆದೀತು. ಏಲಕ್ಕಿಯ ಹೂವು ಅರಳಿ ಬಾಡುವುದು ಒಂದೇ ದಿನದೊಳಗೆ, ಅಷ್ಟರಲ್ಲಿ ಜೇನ್ನೊಣ ಬಂದು ಮುಟ್ಟದಿದ್ದರೆ ಕಾಯಿ ಕಟ್ಟುವುದು ಬಹಳ ಕಡಿಮೆ. ಪೆಟ್ಟಿಗೆ ಐದಿದ್ದಾಗಿನ ಏಲಕ್ಕಿಯನ್ನೂ ಎರಡಿದ್ದಾಗಿನ ಏಲಕ್ಕಿಯನ್ನೂ ತೂಗಿ ನೋಡಿದವಳು ಅವಳು.

ನಮ್ಮ ಮಕ್ಕಳು ಪುಣೆಯಲ್ಲಿಯೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರಾದರೂ ಹೊಸ್ತಿಲಾಚೆ ಕಂಡ ವಸ್ತುಗಳಿಗೆಲ್ಲ ಮರಾಠಿಯ ಹೆಸರೇ ಅವರಿಗೆ ಮೊದಲು ಬರುವುದು. ಹಿತ್ತಲಿಗೆ ಕಾಲಿಟ್ಟವಳೇ ಮಗಳು, “ಅತ್ತೆ, ಮಧಮಾಶಿ ಎಲ್ಲಿ?” ಎಂದಳು. ಭಾವನವರು ನಕ್ಕರು. ಅಕ್ಕ ನಗಲಿಲ್ಲ, ಕೈಹಿಡಿದು ಕರೆದೊಯ್ದು, “ಕೂಸೇ, ಇದು ತುಡುವೆ” ಎಂದು ತೋರಿಸಿದಳು. ಅಲ್ಲಿಂದ ಅರ್ಧ ತಾಸು ಜೇನಿನ ಕುಲಗೋತ್ರದ ಪಾಠ. ಮರದ ಎತ್ತರದ ಕೊಂಬೆಗೂ ಬಂಡೆಯ ಚಾಚಿಗೂ ಒಂದೇ ದೊಡ್ಡ ಎರಿ ಕಟ್ಟಿ ಜೋಲಾಡುವುದು ಹೆಜ್ಜೇನು. ಪುಣೆಯಲ್ಲಿ ನಮ್ಮ ಕಟ್ಟಡದ ನೀರಿನ ಟಾಕಿಯ ಅಡಿಗೆ ಬಂದು ಕೂರುವುದೂ ಅದೇ. ಬೇಲಿಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟು, ಕಚ್ಚಲು ಅಂಬೇ ಇಲ್ಲದ ಪುಟ್ಟ ಹುಳು ಮಿಸರಿ. ಮರದ ಪೊಟರೆ, ಹುತ್ತದ ಬಿಲ ಮುಂತಾದ ಕತ್ತಲೆಯ ಜಾಗದಲ್ಲಿ ಸಾಲಾಗಿ ಏಳೆಂಟು ಎರಿ ಕಟ್ಟುವುದು ತುಡುವೆ. ಕತ್ತಲೆಗೂ ಸಾಲಿಗೂ ಒಗ್ಗಿದ್ದರಿಂದಲೇ ಅದು ಪೆಟ್ಟಿಗೆಯಲ್ಲಿ ಇರುತ್ತದೆ. ಹೆಜ್ಜೇನನ್ನು ಎಷ್ಟು ಪುಸಲಾಯಿಸಿದರೂ ಪೆಟ್ಟಿಗೆಯೊಳಗೆ ಕೂರಿಸಲು ಬರುವುದಿಲ್ಲ. ಮಗ ಇದನ್ನೆಲ್ಲ ಕೇಳಿ, ಹೆಸರುಗಳನ್ನು ಬೆರಳಿನಲ್ಲಿ ಎಣಿಸಿಕೊಂಡ. ಮರಾಠಿಯಲ್ಲಿಯೂ ಇವುಗಳಿಗೆ ಬೇರೆ ಬೇರೆ ಹೆಸರುಗಳಿವೆ. ಪೇಟೆಯ ಮಕ್ಕಳಿಗೆ ಯಾವ ಭಾಷೆಯಲ್ಲಿಯೂ ಅವು ಬರುವುದಿಲ್ಲ, ಅಷ್ಟೆ.

ತಪಾಸಣೆಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ. ಬಿಸಿಲು ಬಿದ್ದಿರಬೇಕು, ಗಾಳಿ ಇರಬಾರದು, ದುಡಿಯುವ ಹುಳುಗಳಲ್ಲಿ ಹೆಚ್ಚಿನವು ಹೂವಿನ ಮೇಲೆ ಹೋಗಿರಬೇಕು. ಮನೆಮಂದಿ ತುಂಬಿರುವಾಗ ಮನೆ ಗುಡಿಸಹೋದರೆ ಆಗುವ ಜಗಳ ನಮ್ಮ ಗೃಹಿಣಿಯರಿಗೆ ಗೊತ್ತಿದ್ದದ್ದೇ. ತಿಂಡಿಗೆ ಮಾಡಿದ್ದ ಬಾಳೆಹಣ್ಣಿನ ರಸಾಯನವನ್ನು ಮಾತ್ರ ಅಕ್ಕ ಆ ದಿನ ಮುಟ್ಟಗೊಡಲಿಲ್ಲ. ಇದು ಮಡಿಯ ಮಾತೆಂದು ನಮ್ಮಾಕೆ ತಿಳಿದಳು. ಹಾಗಲ್ಲ. ಜೇನ್ನೊಣ ಕಚ್ಚಿದಾಗ ಅಂಬಿನ ಜೊತೆಗೆ ಒಂದು ವಾಸನೆಯನ್ನೂ ಬಿಡುತ್ತದೆ. ಆ ವಾಸನೆ ಉಳಿದ ಹುಳುಗಳಿಗೆ ‘ಶತ್ರು ಇಲ್ಲಿದ್ದಾನೆ’ ಎಂಬ ಡಂಗುರ. ಅದರಲ್ಲಿರುವ ಮುಖ್ಯ ದ್ರವ್ಯವೂ ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾದ ದ್ರವ್ಯವೂ ಒಂದೇ. ಹಣ್ಣು ತಿಂದ ಬಾಯಿಯನ್ನು ಪೆಟ್ಟಿಗೆಯ ಮೇಲೆ ಬಗ್ಗಿಸುವುದು ಜಾಣತನವಲ್ಲ. ಕಚ್ಚಿದ ಜಾಗದಲ್ಲಿ ಅಂಬನ್ನು ಎರಡು ಬೆರಳಿನಿಂದ ಹಿಡಿದು ಕೀಳಬಾರದು, ಉಗುರಿನಿಂದ ಕೆರೆದು ಕೂಡಲೇ ತೆಗೆಯಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಸಲಕರಣೆ ಹೆಚ್ಚೇನಿಲ್ಲ. ಮುಖಕ್ಕೊಂದು ಬಲೆ, ಚೌಕಟ್ಟು ಎಬ್ಬಿಸಲು ಉಳಿಯಂಥ ಚಪ್ಪಟೆ ಕಬ್ಬಿಣ, ಒಣಗಿದ ತೆಂಗಿನ ಕತ್ತ ತುಂಬಿದ ಹೊಗೆತಿದಿ. ಹೊಗೆ ಜೇನನ್ನು ಓಡಿಸಲಿಕ್ಕಲ್ಲ. ಎರಡು ಉಸಿರು ಹೊಗೆ ತಾಗಿದರೆ ಹುಳುಗಳು ಮನೆ ಬಿಡಬೇಕಾದೀತೆಂಬ ಗಾಬರಿಯಲ್ಲಿ ಹೊಟ್ಟೆ ತುಂಬ ತುಪ್ಪ ಹೀರಿಕೊಳ್ಳುತ್ತವೆ. ಹೊಟ್ಟೆ ತುಂಬಿದವರು ಜಗಳಕ್ಕೆ ಬರುವುದು ಕಡಿಮೆ. ಡಂಗುರದ ವಾಸನೆಯೂ ಹೊಗೆಯಲ್ಲಿ ಅಡಗುತ್ತದೆ. ಮೂರನೆಯ ಉಸಿರು ಬೇಡ.

“ತಮಾ, ಬಾಗಿಲೆದುರಿಗೆ ನಿಲ್ಲಡ. ಅವಕ್ಕೆ ಹೋಪಲೆ ಬಪ್ಪಲೆ ದಾರಿ ಬೇಕು” ಎಂದು ಅಕ್ಕ ನಮ್ಮನ್ನು ಪೆಟ್ಟಿಗೆಯ ಹಿಂದಕ್ಕೆ ಸರಿಸಿದಳು. (ಇದು ನಮ್ಮ ಕಡೆಯ ಮಾತು. ಧಾರವಾಡದ, ಮೈಸೂರಿನ ವಾಚಕರು ಸ್ವಲ್ಪ ಸೈರಿಸಿಕೊಳ್ಳಬೇಕು.) ಆದರೆ ಕೂಡಲೇ ಮುಚ್ಚಳ ತೆಗೆಯಲಿಲ್ಲ. ಐದು ನಿಮಿಷ ಸುಮ್ಮನೆ ನೋಡುವುದು ಅವಳ ಪದ್ಧತಿ. ಮೊದಲನೆಯ ಪೆಟ್ಟಿಗೆಯ ಬಾಗಿಲಲ್ಲಿ ನಮ್ಮ ಶಿವಾಜಿನಗರದ ಬಸ್ ನಿಲ್ದಾಣದ ಗದ್ದಲ. ಒಳಬರುವ ಹುಳುಗಳಲ್ಲಿ ನಾಲ್ಕಕ್ಕೊಂದರ ಹಿಂಗಾಲಿಗೆ ಹಳದಿಯದೋ ಕಿತ್ತಳೆ ಬಣ್ಣದ್ದೋ ಪರಾಗದ ಉಂಡೆ. ಪರಾಗ ಮರಿಗಳ ಆಹಾರ. ಅದು ಹೀಗೆ ಒಳಗೆ ಹೋಗುತ್ತಿದ್ದರೆ ಒಳಗೆ ತೊಟ್ಟಿಲು ತೂಗುತ್ತಿದೆ ಎಂದು ಲೆಕ್ಕ. ಎರಡನೆಯ ಪೆಟ್ಟಿಗೆಯಲ್ಲಿಯೂ ಹೋಗಿ ಬರುವವು ಇದ್ದವು. ಕಾಲಿನಲ್ಲಿ ಉಂಡೆ ಹೊತ್ತವು ಮಾತ್ರ ಆ ಐದು ನಿಮಿಷದಲ್ಲಿ ಮಗನ ಎಣಿಕೆಗೆ ಸಿಕ್ಕಿದ್ದು ಮೂರು. ಅಕ್ಕ ಪೆಟ್ಟಿಗೆಯ ಕಂಬದ ಬುಡದ ನೀರಿನ ತಟ್ಟೆಯಲ್ಲಿ ಬಿದ್ದಿದ್ದ ಎಲೆಯನ್ನು ತೆಗೆದಳು. ಆ ಎಲೆಯೇ ಸೇತುವೆಯಾಗಿ ಇರುವೆಗಳು ಮೇಲೆ ಹತ್ತುತ್ತವೆ.

ಪೆಟ್ಟಿಗೆಯ ರಚನೆಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ಕೆಳಗೆ ಅಡಿಮಣೆ, ಅದರ ಮೇಲೆ ಏಳು ಚೌಕಟ್ಟುಗಳ ಸಂಸಾರ ಕೋಣೆ, ಅದರ ಮೇಲೆ ಗಿಡ್ಡನೆಯ ಜೇನುಕೋಣೆ, ಮೇಲೆ ಮುಚ್ಚಳ. ಸಂಸಾರ ಕೋಣೆ ಹೆಸರೇ ಹೇಳುವಂತೆ ಮೊಟ್ಟೆ-ಮರಿಗಳದು. ನಾವು ಪಾಲು ಕೇಳುವುದು ಮೇಲಿನ ಕೋಣೆಯಿಂದ. ನಮ್ಮ ಕಡೆ ಇದಕ್ಕೆ ನ್ಯೂಟನ್ ಪೆಟ್ಟಿಗೆ ಎನ್ನುತ್ತಾರೆ. ಸೇಬುಹಣ್ಣಿನ ನ್ಯೂಟನ್ನನಲ್ಲ, ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು 1911ರಿಂದ 1917ರ ಸುಮಾರಿಗೆ ತುಡುವೆಯ ಮೈಯಳತೆಗೆ ತಕ್ಕಂತೆ ಇದನ್ನು ರೂಪಿಸಿ ಹಳ್ಳಿಗರಿಗೆ ಕಲಿಸಿದರು. ಅದಕ್ಕೂ ಮೂಲ 1851ರ ಒಂದು ಕಂಡುಹಿಡಿತ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಇನ್ನೊಬ್ಬ ಪಾದ್ರಿಗೆ ಹೊಳೆದದ್ದು ಇಷ್ಟೆ: ಜೇನ್ನೊಣಗಳು ಸುಮಾರು 3/8 ಅಂಗುಲದ ಸಂದನ್ನು ತಮ್ಮ ಓಡಾಟದ ಓಣಿಯೆಂದು ತೆರವಾಗಿ ಬಿಡುತ್ತವೆ. ಅದಕ್ಕಿಂತ ಅಗಲವಾದರೆ ಎರಿ ಕಟ್ಟುತ್ತವೆ, ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ. ಚೌಕಟ್ಟಿನ ಸುತ್ತ ಅಷ್ಟೇ ಸಂದು ಬಿಟ್ಟರೆ ಚೌಕಟ್ಟು ಗೋಡೆಗೆ ಅಂಟಿಕೊಳ್ಳದೆ ಪುಸ್ತಕದಂತೆ ಕಪಾಟಿನಿಂದ ಹೊರಗೆ ಬರುತ್ತದೆ. ಅದು ಯುರೋಪಿನ ನೊಣದ ಅಳತೆ. ನಮ್ಮ ತುಡುವೆ ಮೈಯಲ್ಲಿ ಚಿಕ್ಕದು, ಅದರ ಓಣಿಯೂ ಸ್ವಲ್ಪ ಕಿರಿದು. ಅದಕ್ಕೆ ಮೊದಲು ಮಡಕೆಯಲ್ಲಿಯೋ ಪೊಟರೆಯಲ್ಲಿಯೋ ಇದ್ದ ಜೇನಿನ ಯೋಗಕ್ಷೇಮ ತಿಳಿಯಬೇಕೆಂದರೆ ಎರಿಯನ್ನೇ ಕೊಯ್ಯಬೇಕಿತ್ತು. ಯೋಗಕ್ಷೇಮ ವಿಚಾರಿಸಿದ ಮೇಲೆ ವಿಚಾರಿಸಲು ಏನೂ ಉಳಿಯುತ್ತಿರಲಿಲ್ಲ.

ಮೊದಲನೆಯ ಪೆಟ್ಟಿಗೆ ತೆರೆಯಿತು. ಅಕ್ಕ ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಪಕ್ಕಕ್ಕೆ ಒರಗಿಸಿದಳು. ಒಂದು ಹೊರಗೆ ಬಂದರೆ ಉಳಿದ ಆರಕ್ಕೆ ಅಲುಗಲು ಎಡೆಯಾಗುತ್ತದೆ. ನಡುವಿನಿಂದ ಎಳೆದರೆ ಹುಳುಗಳು ಉಜ್ಜಿ ಸಾಯುತ್ತವೆ, ರಾಣಿಯೂ ಸತ್ತಾಳು. ಪ್ರತಿ ಚೌಕಟ್ಟನ್ನೂ ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡುವುದು ಕ್ರಮ. ರಾಣಿ ಉದುರಿದರೂ ತನ್ನ ಮನೆಯೊಳಗೇ ಬೀಳಲಿ ಎಂದು. ತಿರುಗಿಸುವಾಗಲೂ ಎರಿಯನ್ನು ಅಡ್ಡಡ್ಡ ಮಲಗಿಸುವುದಿಲ್ಲ, ನೆಟ್ಟಗೇ ಹೊರಳಿಸುತ್ತಾರೆ; ಹೊಸ ಎರಿ ಬೆಣ್ಣೆಯಷ್ಟು ಮೆತ್ತಗೆ, ಮಲಗಿಸಿದರೆ ಮುರಿದು ಜಾರುತ್ತದೆ.

ಅಂಚಿನ ಎರಡರಲ್ಲಿ ತುಪ್ಪವೂ ಪರಾಗವೂ. ನಡುವಿನವುಗಳಲ್ಲಿ ಮುಚ್ಚಿದ ಮರಿಕೋಣೆಗಳು ಹಲಗೆಗೆ ಬಳಿದ ಮಣ್ಣಿನಂತೆ ಒತ್ತೊತ್ತಾಗಿ. ಕೆಳಗಿನ ಅಂಚಿನಲ್ಲಿ ಕೆಲವು ಕೋಣೆಗಳು ಟೋಪಿ ಹಾಕಿದಂತೆ ಉಬ್ಬಿದ್ದವು. ಪ್ರತಿಯೊಂದು ಟೋಪಿಯ ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು. ಅವು ಗಂಡುನೊಣಗಳ ಕೋಣೆಗಳು. ಈ ತೂತು ತುಡುವೆಯ ಕುಲದ ಗುರುತು. ಅಕ್ಕ ಅದನ್ನು ನೋಡಿ “ಹ್ಞಾ” ಎಂದಳು. ಆ ಉದ್ಗಾರದ ಬೆಲೆ ನಮಗೆ ತಿಳಿದದ್ದು ಎರಡನೆಯ ಪೆಟ್ಟಿಗೆಗೆ ಹೋದ ಮೇಲೆ.

ಮಕ್ಕಳದು ಒಂದೇ ವರಾತ, ರಾಣಿ ಎಲ್ಲಿ, ರಾಣಿ ಎಲ್ಲಿ? ನಾವೂ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದೆವೆನ್ನಿ. ಸಾವಿರಾರು ಹುಳುಗಳ ನಡುವೆ ಒಂದು ತುಸು ಉದ್ದನೆಯ ಹುಳು. “ರಾಣಿ ಕಾಣದಿದ್ರೂ ಅಡ್ಡಿಲ್ಲೆ. ಮೊಟ್ಟೆ ಕಂಡ್ರೆ ಸಾಕು” ಎಂದಳು ಅಕ್ಕ. ಸೂರ್ಯನಿಗೆ ಬೆನ್ನು ಹಾಕಿ, ಹೆಗಲ ಮೇಲಿಂದ ಬಿಸಿಲು ಕೋಣೆಯ ತಳಕ್ಕೆ ಬೀಳುವಂತೆ ಎರಿಯನ್ನು ಓರೆಯಾಗಿ ಹಿಡಿದಳು. ಆಗ ಕಂಡಿತು: ಒಂದೊಂದು ಕೋಣೆಯ ತಳದಲ್ಲಿ ಒಂದೊಂದು ಬಿಳಿಯ ಎಳೆ, ಚಿರೋಟಿ ರವೆಯ ಕಾಳನ್ನು ಎಳೆದು ಉದ್ದ ಮಾಡಿದಂತೆ. ಇಟ್ಟ ದಿನ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಮರುದಿನ ವಾಲುತ್ತದೆ, ಮೂರನೆಯ ದಿನ ಮಲಗುತ್ತದೆ, ಆಮೇಲೆ ಮರಿ. ನಿಂತ ಮೊಟ್ಟೆ ಕಂಡಿತೆಂದರೆ ರಾಣಿ ನಿನ್ನೆಯೋ ಇಂದೋ ಇಲ್ಲಿಗೆ ಬಂದು ಹೋಗಿದ್ದಾಳೆ. ಅವಳನ್ನು ಕಣ್ಣಾರೆ ಕಾಣಬೇಕೆಂಬ ಹಟದಿಂದ ಅರ್ಧ ತಾಸು ಪೆಟ್ಟಿಗೆ ತೆರೆದಿಟ್ಟರೆ ಮರಿಗಳಿಗೆ ಚಳಿ, ತುಪ್ಪಕ್ಕೆ ಕಳ್ಳರ ಕಾಟ. ಹದಿನೆಂಟನೆಯ ಶತಮಾನದಲ್ಲಿ ಜಿನೀವಾದಲ್ಲಿ ಹ್ಯೂಬರ್ ಎಂಬವರಿದ್ದರು. ಕಣ್ಣು ಪೂರ್ತಿ ಕಾಣದವರು. ಪುಸ್ತಕದ ಹಾಳೆಗಳಂತೆ ತೆರೆಯುವ ಪೆಟ್ಟಿಗೆ ಮಾಡಿಸಿ, ಬರ್ನೆನ್ಸ್ ಎಂಬ ತಮ್ಮ ಸೇವಕನಿಂದ ಕಂಡದ್ದನ್ನು ಕಂಡಹಾಗೆ ಹೇಳಿಸಿಕೊಂಡು, ಜೇನಿನ ವಿಷಯದಲ್ಲಿ 1792ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇಂದಿಗೂ ಮಾನ್ಯವಾಗಿದೆ. ಸರಿಯಾದ ಪ್ರಶ್ನೆ ಕೇಳಲು ಬಂದರೆ ಇನ್ನೊಬ್ಬರ ಕಣ್ಣೂ ಆದೀತು.

ಆರು ನಿಮಿಷದಲ್ಲಿ ಮೊದಲನೆಯದರ ಮುಚ್ಚಳ ಬಿತ್ತು. ಎಲ್ಲ ಸರಿ.

ಎರಡನೆಯದನ್ನು ತೆರೆದಾಗ ಸದ್ದೇ ಬೇರೆ. ಮೊದಲನೆಯದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಇದು ಏರಿಳಿಯುತ್ತ ನರಳಿದಂತೆ. ಏಳು ಚೌಕಟ್ಟುಗಳಲ್ಲಿ ಹುಳು ಮುಚ್ಚಿದ್ದು ನಾಲ್ಕನ್ನು. ತುಪ್ಪ ಸಾಕಷ್ಟಿತ್ತು. ಮೊಟ್ಟೆ ಒಂದೂ ಇಲ್ಲ. ತೆರೆದ ಕೋಣೆಯಲ್ಲಿ ಮರಿಯೂ ಇಲ್ಲ. ಮುಚ್ಚಿದ ಕೋಣೆಗಳು ಮಾತ್ರ ಅಲ್ಲೊಂದು ಇಲ್ಲೊಂದು, ಹಲ್ಲುದುರಿದ ಬಾಯಿಯಂತೆ.

ಅಕ್ಕನ ಮುಖ ಬಲೆಯೊಳಗೇ ಸಣ್ಣದಾದದ್ದು ನಮಗೆ ಕಂಡಿತು. ಕಾರಣ ಹಳೆಯದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗ ಬಂದು ದಕ್ಷಿಣದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಒರಸಿಹಾಕಿತು. ಕೊಡಗಿನಿಂದ ನಮ್ಮ ಕಡೆಯವರೆಗೆ ಹಿತ್ತಲು ಹಿತ್ತಲೇ ಖಾಲಿಯಾದವು. ಅದಕ್ಕೆ ಆಗಲೂ ಮದ್ದಿರಲಿಲ್ಲ, ಈಗಲೂ ಇಲ್ಲ. ನಾವಾಗ ತೊಟ್ಟಿಲ ಕೂಸು. ಅಕ್ಕನಿಗೆ ಒಂಬತ್ತು ವರ್ಷ. ತಂದೆಯವರ ಹನ್ನೆರಡು ಖಾಲಿ ಪೆಟ್ಟಿಗೆಗಳನ್ನು ಹಳ್ಳದಲ್ಲಿ ತೊಳೆದು ಬಿಸಿಲಿಗಿಟ್ಟವಳು ಅವಳು. ಆ ರೋಗದಲ್ಲಿ ಮರಿ ಕೋಣೆಯೊಳಗೆ ತಲೆಯೆತ್ತಿ ದೋಣಿಯಂತೆ ಬಾಗಿ ಸತ್ತಿರುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಅಕ್ಕ ಬೆಂಕಿಕಡ್ಡಿಯಿಂದ ಹತ್ತು ಹನ್ನೆರಡು ಕೋಣೆಗಳ ಮುಚ್ಚಳ ಬಿಡಿಸಿ ನೋಡಿದಳು. ಒಳಗೆ ಬಿಳಿಯ, ದುಂಡನೆಯ, ಹುಟ್ಟಲು ಸಿದ್ಧವಾದ ಮರಿಗಳು. ರೋಗವಲ್ಲ. ಅವಳು ನಿಟ್ಟುಸಿರು ಬಿಟ್ಟದ್ದು ನಮಗೂ ಕೇಳಿಸಿತು.

ಹಾಗಾದರೆ ರಾಣಿ ಇಲ್ಲ. ಎಷ್ಟು ದಿನದಿಂದ? ಇಲ್ಲಿಂದ ಮುಂದೆ ಅಕ್ಕ ಮಾಡಿದ ಲೆಕ್ಕ ನಮ್ಮ ಲೆಕ್ಕಪತ್ರ ವಿಭಾಗದವರು ಕಿವಿಗೊಟ್ಟು ಕೇಳುವಂಥದು. ತುಡುವೆಯ ಆಳುನೊಣ ಮೊಟ್ಟೆಯಾಗಿ ಮೂರು ದಿನ, ತೆರೆದ ಕೋಣೆಯಲ್ಲಿ ಮರಿಯಾಗಿ ಸುಮಾರು ಐದು ದಿನ, ಉಳಿದದ್ದು ಮುಚ್ಚಿದ ಕೋಣೆಯಲ್ಲಿ. ಹುಟ್ಟಲು ಒಟ್ಟು ಹದಿನೆಂಟರಿಂದ ಇಪ್ಪತ್ತು ದಿನ. ತೆರೆದ ಮರಿಯೂ ಇಲ್ಲವೆಂದರೆ ಮೊಟ್ಟೆಯಿಡುವುದು ನಿಂತು ಎಂಟು ದಿನವಾದರೂ ಆಗಿದೆ. ಮುಚ್ಚಿದ ಕೋಣೆ ಇನ್ನೂ ಇವೆಯೆಂದರೆ ಇಪ್ಪತ್ತು ದಿನ ಆಗಿಲ್ಲ. ಕೊನೆಯ ಮೊಟ್ಟೆ ಬಿದ್ದದ್ದು ಎಂಟಕ್ಕೂ ಇಪ್ಪತ್ತಕ್ಕೂ ನಡುವೆ ಯಾವುದೋ ಒಂದು ದಿನ.

ಭಾವನವರ ಅಭಿಪ್ರಾಯ ಸ್ಪಷ್ಟವಾಗಿತ್ತು. (ರಾಣಿ ಹೋದದ್ದಕ್ಕೂ ಅವರ ಪ್ರಕಾರ ಕಡಜವೇ ಕಾರಣ, ಹಿತ್ತಲಲ್ಲಿ ಏನೇ ಕೆಟ್ಟರೂ ಅವರು ಕಡಜವನ್ನೇ ಹಿಡಿಯುತ್ತಾರೆ.) “ಕೂಡಿಸಿಬಿಡು. ಒಂದಾದ್ರೂ ಗಟ್ಟಿ ಉಳಿತು” ಎಂದರು. ಎರಡು ಸಂಸಾರ ಕೋಣೆಗಳ ನಡುವೆ ಒಂದು ವೃತ್ತಪತ್ರಿಕೆಯ ಹಾಳೆಯಿಟ್ಟು ಒಂದರ ಮೇಲೊಂದು ಕೂರಿಸಿದರೆ, ಹುಳುಗಳು ಕಾಗದವನ್ನು ಕಡಿದು ತೂತು ಮಾಡುವಷ್ಟರಲ್ಲಿ ಪರಸ್ಪರ ವಾಸನೆಗೆ ಹೊಂದಿಕೊಂಡು ಒಂದಾಗುತ್ತವೆ. ರಾಣಿಯಿಲ್ಲದ ಸಂಸಾರ ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಆಳುನೊಣಗಳೇ ಒಂದು ಕೋಣೆಗೆ ಎರಡು ಮೂರರಂತೆ ಮೊಟ್ಟೆಯಿಡತೊಡಗುತ್ತವೆ. ಅವುಗಳಿಂದ ಹುಟ್ಟುವವೆಲ್ಲ ಗಂಡು. ಆಮೇಲೆ ಮೇಣದ ಹುಳು ಹೊಕ್ಕು ಎರಿಯೆಲ್ಲ ಬಲೆಗಟ್ಟುತ್ತದೆ. ಹಾಗಾಗಿ ಭಾವನವರದು ಅನುಭವದ ಮಾತು. ನಮ್ಮ ಮನಸ್ಸೂ ಅತ್ತಲೇ ಇತ್ತು.

ಅಕ್ಕ ಉತ್ತರ ಕೊಡದೆ ನಾಲ್ಕನೆಯ ಚೌಕಟ್ಟನ್ನು ಇನ್ನೊಮ್ಮೆ ಎತ್ತಿದಳು. ಎರಿಯ ಬದಿಯಲ್ಲಿ ಸಣ್ಣ ನೆಲಗಡಲೆಯ ಸಿಪ್ಪೆಯಂಥ ಒಂದು ಕೋಣೆ ಕೆಳಮುಖವಾಗಿ ಜೋತಿತ್ತು. ರಾಣಿಯನ್ನು ಬೆಳೆಸಲೆಂದು ಕಟ್ಟುವ ಕೋಣೆ ಅದು. ಖಾಲಿ. ಪ್ರಶ್ನೆ ಏನೆಂದರೆ, ಅದು ಖಾಲಿಯಾದದ್ದು ಹೇಗೆ? ಪಕ್ಕ ಹರಿದಿದ್ದರೆ ಒಳಗಿದ್ದವಳನ್ನು ಹುಟ್ಟುವ ಮೊದಲೇ ಕೊಂದಿದ್ದಾರೆ. ತುದಿ ದುಂಡಗೆ ಕತ್ತರಿಸಿ ಡಬ್ಬಿಯ ಮುಚ್ಚಳದಂತೆ ತೆರೆದಿದ್ದರೆ ರಾಣಿ ತಾನೇ ಹೊರಗೆ ಬಂದಿದ್ದಾಳೆ. ಇದು ತುದಿ ತೆರೆದದ್ದು. ಮುಚ್ಚಳ ಇನ್ನೂ ಒಂದು ಕಡೆ ಅಂಟಿಕೊಂಡು ಜೋತಾಡುತ್ತಿತ್ತು.

“ಒಳಗೆ ಮರಿರಾಣಿ ಇದ್ದು ಕಾಣ್ತು” ಎಂದಳು ಅಕ್ಕ. “ಕೂಡಿಸಿದ್ರೆ ಎರಡೂ ರಾಣಿ ಕಾದಾಡಿ, ಇದ್ದದ್ದೂ ಹೋದ್ರೆ?”

ಹೊಸದಾಗಿ ಹುಟ್ಟಿದ ರಾಣಿ ಕೂಡಲೇ ಮೊಟ್ಟೆಯಿಡುವುದಿಲ್ಲ. ಐದಾರು ದಿನ ಬಲಿತು, ಬಿಸಿಲಿನ ದಿನ ನೋಡಿ ಆಕಾಶಕ್ಕೆ ಹಾರಿ, ಗಂಡುನೊಣಗಳನ್ನು ಕೂಡಿ ಬಂದು, ಇನ್ನೆರಡು ಮೂರು ದಿನದ ಮೇಲೆ ಮೊಟ್ಟೆಗೆ ತೊಡಗುತ್ತಾಳೆ. ಹಾರಿಹೋದವಳು ಹಕ್ಕಿಯ ಬಾಯಿಗೆ ಬಿದ್ದರೆ ಕಥೆ ಮುಗಿಯಿತು. ಗಂಡುನೊಣವೇ ಇಲ್ಲದ ಕಾಲದಲ್ಲಿ ಹಾರಿದರೂ ವ್ಯರ್ಥ. ಮೊದಲನೆಯ ಪೆಟ್ಟಿಗೆಯಲ್ಲಿ ತೂತಿನ ಟೋಪಿಗಳನ್ನು ಕಂಡು ಅವಳು “ಹ್ಞಾ” ಎಂದದ್ದು ಇದಕ್ಕೆ. ಕಾಯುವುದಾದರೆ ಹತ್ತು ಹನ್ನೆರಡು ದಿನ ಕಾಯಬೇಕು. ಮರಿರಾಣಿ ಇಲ್ಲವೆಂದಾದರೆ ಅಷ್ಟರಲ್ಲಿ ಪೆಟ್ಟಿಗೆ ಕೈಬಿಟ್ಟಂತೆ. ಮರಿರಾಣಿಯಾದರೋ ಮೈ ತುಂಬಿರದೆ ಆಳುನೊಣದಂತೆಯೇ ಕಾಣುತ್ತದೆ, ಬೆಳಕಿಗೆ ಓಡುತ್ತದೆ; ಹುಡುಕಿದರೆ ಸಿಗುವುದಿಲ್ಲ.

ಕಣ್ಣಿಗೆ ಕಾಣದವಳು ಇದ್ದಾಳೋ ಇಲ್ಲವೋ ಎಂದು ಯಾರನ್ನು ಕೇಳಬೇಕು? ಹುಳುಗಳನ್ನೇ ಕೇಳಬೇಕು. ಅಕ್ಕ ಮೊದಲನೆಯ ಪೆಟ್ಟಿಗೆಯನ್ನು ಮತ್ತೆ ತೆರೆದು, ಮೊಟ್ಟೆಯೂ ಎಳೆಮರಿಯೂ ತುಂಬಿದ ಒಂದು ಚೌಕಟ್ಟನ್ನು ಎತ್ತಿ, ರಾಣಿ ಅದರಲ್ಲಿ ಉಳಿಯದಂತೆ ಹುಳುಗಳನ್ನೆಲ್ಲ ಮೆತ್ತಗೆ ಗುಡಿಸಿ ಬಿಟ್ಟು, ಎರಡನೆಯದರ ನಡುವೆ ಇಳಿಸಿದಳು. ರಾಣಿಯಿಲ್ಲದ ಸಂಸಾರವಾದರೆ ಸಿಕ್ಕಿದ ಎಳೆಮರಿಗಳ ಮೇಲೆ ಮೂರು ನಾಲ್ಕು ದಿನದಲ್ಲಿ ರಾಣಿಕೋಣೆ ಕಟ್ಟತೊಡಗುತ್ತವೆ. ಹೊಸ ರಾಣಿಗೆ ದಾರಿಯೂ
ಆಯಿತು. ಕಟ್ಟದೆ ಸುಮ್ಮನೆ ಮರಿಗಳಿಗೆ ಉಣ್ಣಿಸುತ್ತ ಕುಳಿತರೆ ರಾಣಿ ಇದ್ದಾಳೆಂದು ತಿಳಿಯಬೇಕು. ಭಾವನವರು ಆಕ್ಷೇಪಿಸದೆ ಬಿಡಲಿಲ್ಲ. ಗಟ್ಟಿಯಿರುವ ಪೆಟ್ಟಿಗೆಯಿಂದ ಕಿತ್ತು ಸಾಯುವುದಕ್ಕೆ ಕೊಡುವುದೇ ಎಂದರು. ಅದರಲ್ಲಿ ನ್ಯಾಯವಿತ್ತು, ಮರಿಚೌಕಟ್ಟು ಇದ್ದದ್ದೇ ನಾಲ್ಕು. ಹೀಗೆ ಸಾಲ ಕೊಡಲು ಒಂದು ಪೆಟ್ಟಿಗೆ ಇದ್ದದ್ದರಿಂದ ಈ ಪರೀಕ್ಷೆಯಾದರೂ ನಡೆಯಿತು. ಒಂದೇ ಪೆಟ್ಟಿಗೆ ಸಾಕುವವರಿಗೆ ರಾಣಿ ಹೋದ ದಿನ ನೋಡುತ್ತ ನಿಲ್ಲುವುದಲ್ಲದೆ ಬೇರೆ ಗತಿಯಿಲ್ಲ. ಹೊಸದಾಗಿ ಹಿತ್ತಲಲ್ಲಿ ಜೇನು ಸಾಕಬೇಕೆಂದಿರುವ ನಮ್ಮ ವಾಚಕರಾರಾದರೂ ಇದ್ದರೆ ಎರಡು ಪೆಟ್ಟಿಗೆಯಿಂದಲೇ ಆರಂಭಿಸುವುದು ಮೇಲು. ಪುಣೆಯಲ್ಲಿರುವವರಿಗೆ ಕಲಿಯಲು ದೂರ ಹೋಗಬೇಕಾಗಿಲ್ಲ. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನ ಮತ್ತು ತರಬೇತಿ ಸಂಸ್ಥೆ 1962ರಿಂದ ಗಣೇಶಖಿಂಡ ರಸ್ತೆಯಲ್ಲಿಯೇ ಇದೆ. ಅದರ ಮುಂದಿನಿಂದ ವರ್ಷಗಟ್ಟಲೆ ಬಸ್ಸಿನಲ್ಲಿ ಹೋಗಿ ಬರುತ್ತಿರುವವರು ನಮ್ಮಲ್ಲಿ ಎಷ್ಟೋ ಜನ.

ಆ ದಿನ ಸಂಜೆ ಪಕ್ಕದ ಮನೆಯ ಮಕ್ಕಳೂ ಬಂದು, ತಮಗೂ ಒಮ್ಮೆ ಪೆಟ್ಟಿಗೆ ತೆಗೆದು ತೋರಿಸಬೇಕೆಂದು ಹಟ ಹಿಡಿದರು. ಅಕ್ಕ ಒಪ್ಪಲಿಲ್ಲ. ನಮ್ಮ ಮಗಳ ಶಿಫಾರಸೂ ನಡೆಯಲಿಲ್ಲ. ಮೇಲಿಂದ ಮೇಲೆ ತೆರೆದು ಕಾಡಿದರೆ ತುಡುವೆ ಒಂದು ದಿನ ತುಪ್ಪ, ಎರಿ ಎಲ್ಲವನ್ನೂ ಬಿಟ್ಟು ಇಡೀ ಸಂಸಾರ ಎದ್ದು ಹೋಗಿಬಿಡುತ್ತದೆ. ರಜೆಗೆ ಊರಿಗೆ ಹೋಗುವ ನಮ್ಮಂಥವರು ಮಕ್ಕಳಿಗೆ ತೋರಿಸುವ ಉತ್ಸಾಹದಲ್ಲಿ ಊರಿನವರನ್ನು ಇಂಥ ಸಂಕಟಕ್ಕೆ ಸಿಕ್ಕಿಸಬಾರದು. ಬಾಗಿಲ ಬಳಿ ದೂರ ಕುಳಿತು ಪರಾಗದ ಉಂಡೆ ಎಣಿಸುವುದೇ ಮಕ್ಕಳಿಗೆ ಬೇಕಾದಷ್ಟಾಯಿತು. ಮಗ ಮರುದಿನದಿಂದ ಅದನ್ನೇ ಹಿಡಿದ; ಬೆಳಿಗ್ಗೆ ಐದು ನಿಮಿಷ, ಗಡಿಯಾರ ನೋಡಿಕೊಂಡು. ಮೂರು, ಐದು, ನಾಲ್ಕು ಎಂದು ಅವನ ನೋಟುಬುಕ್ಕಿನಲ್ಲಿದೆ. ನಾಲ್ಕನೆಯ ದಿನದ ಅಂಕೆ ಇಲ್ಲ. ಅಷ್ಟರಲ್ಲಿ ನಮ್ಮ ರಜೆ ಮುಗಿದು ಹುಬ್ಬಳ್ಳಿಯಲ್ಲಿ ಪುಣೆಯ ಗಾಡಿ ಹತ್ತಿಯಾಗಿತ್ತು.

ನಾಲ್ಕನೆಯ ದಿನ ರಾತ್ರಿ ಅಕ್ಕನ ಫೋನು. ಕೊಟ್ಟ ಚೌಕಟ್ಟನ್ನಷ್ಟೇ ಎತ್ತಿ ನೋಡಿದಳಂತೆ. ರಾಣಿಕೋಣೆ ಕಟ್ಟಿಲ್ಲ. ಮರಿಗಳನ್ನು ಚೆನ್ನಾಗಿ ನೋಡಿಕೊಂಡಿವೆ. ಮುಂದಿನ ಒಂದು ವಾರ ಮೋಡ ಕವಿಯಿತೆಂದೂ, ಎರಡು ಮಧ್ಯಾಹ್ನ ಮಳೆಯೂ ಬಿತ್ತೆಂದೂ ಭಾವನವರು ತಿಳಿಸಿದರು. ರಾಣಿ ಹಾರುವುದಕ್ಕೆ ಬಿಸಿಲು ಬೇಕು. ಹೊರಗೆ ಹೂವಿಗೆ ಹೋಗಲಾಗದ ಹುಳುಗಳಿಗೆ ಅಕ್ಕ ಸಮಸಮ ಸಕ್ಕರೆ-ನೀರಿನ ಪಾಕ ಮಾಡಿ ಸಂಜೆ ಹೊತ್ತು ಪೆಟ್ಟಿಗೆಯೊಳಗೇ ಇಟ್ಟಳು. ಹಗಲು ಇಟ್ಟರೆ, ಹೊರಗೆ ಚೆಲ್ಲಿದರೆ, ಪಕ್ಕದ ಪೆಟ್ಟಿಗೆಯವು ವಾಸನೆ ಹಿಡಿದು ಲೂಟಿಗೆ ಬರುತ್ತವೆ. ಪುಣೆಯ ನಮ್ಮ ಮನೆಯಲ್ಲಿ ಆ ವಾರ ದಿನಾ ರಾತ್ರಿ ಊಟಕ್ಕೆ ಕುಳಿತಾಗ ಸಿದ್ದಾಪುರದ ಹವೆಯ ವಿಚಾರಣೆ.

ಹದಿನೈದನೆಯ ದಿನ ಬೆಳಿಗ್ಗೆ ನಾವು ಕಛೇರಿಗೆ ಹೊರಟಿದ್ದೆವು. ಭಾವನವರು ಫೋನಿನಲ್ಲಿ ಒಂದು ಚಿತ್ರ ಕಳಿಸಿದ್ದರು. ಅದರಲ್ಲಿ ನಮಗೆ ಕಂಡದ್ದು ಕಪ್ಪು ಕೋಣೆಗಳು ಮಾತ್ರ. ಮಗ ಅದನ್ನು ದೊಡ್ಡದು ಮಾಡಿ, ಹೊರಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಅಪ್ಪ, ನಿಂತಿವೆ” ಎಂದ. ಕೂಡಲೇ ಫೋನು ಮಾಡಿದೆವು. “ಮೊಟ್ಟೆ ಬಿದ್ದು ತಮಾ. ಒಂದೊಂದು ಕೋಣೆಗೆ ಒಂದೊಂದೇ” ಎಂದಳು ಅಕ್ಕ. ಒಂದೊಂದೇ ಎಂಬುದನ್ನು ಎರಡು ಸಲ ಹೇಳಿದಳು. ಹಿನ್ನೆಲೆಯಲ್ಲಿ ಏನೋ ಬಡಿಯುವ ಸದ್ದು ಕೇಳಿಸುತ್ತಿತ್ತು. ಪುಷ್ಯದ ಹೊತ್ತಿಗೆ ನಮ್ಮ ಕಡೆ ಹಿಂಡು ಪಾಲಾಗುವ ಕಾಲ. ಎರಡನ್ನು ಮೂರು ಮಾಡಬಹುದೆಂದು ಭಾವನವರು ಅಟ್ಟದಿಂದ ಒಂದು ಖಾಲಿ ಪೆಟ್ಟಿಗೆಯನ್ನು ಇಳಿಸಿ, ಸಡಿಲವಾದ ಅಡಿಮಣೆಗೆ ಮೊಳೆ ಹೊಡೆಯುತ್ತಿದ್ದರಂತೆ.